ಟರ್ಬೋ ಹಾಕಿಸ್ಬಿಡ್ಲಾ ಅಂತ ಕೇಳೋರಿಗೆ: ಮೊದ್ಲು ಬ್ರೀದರ್ ನೋಡ್ಸಿ

ಡೀಸೆಲ್ ಕಾರ್ ಇಟ್ಕೊಂಡಿರೋ ಪರಿಚಯದವ್ರು ನನ್ನತ್ರ ಕೇಳೋದು ಹೆಚ್ಚುಕಮ್ಮಿ ಇದೊಂದೇ ಪ್ರಶ್ನೆ. "ಆಯಿಲ್ ಟೈಮಿಗೆ ಸರಿಯಾಗಿ ಚೇಂಜ್ ಮಾಡಿಸ್ತೀನಿ, ಆದ್ರೂ ಇಂಜಿನ್ ಮೇಲೆಲ್ಲ ಜಿಡ್ಡು, ಟರ್ಬೋ ಪೈಪಲ್ಲೂ ಆಯಿಲ್, ಟರ್ಬೋ ಹೋಗಿದೆ ಅಂತಿದಾರೆ, ಹೊಸದು ಹಾಕಿಸ್ಬಿಡ್ಲಾ?" ಈಗ್ಲೇ ಬೇಡ, ಮೊದ್ಲು ಬ್ರೀದರ್ ಬಿಚ್ಚಿ ನೋಡ್ಸಿ ಅನ್ನೋದೇ ನನ್ನ ಉತ್ತರ.

ಟರ್ಬೋ ಅಂದ್ರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಫ್ಯಾನ್. ಬ್ರೀದರ್ ಅಂದ್ರೆ ಇಂಜಿನ್ ಒಳಗೆ ಸೇರೋ ಗ್ಯಾಸನ್ನ ಹೊರಗೆ ಬಿಡೋ ದಾರಿ, ಏರ್ ಫಿಲ್ಟರ್ ಅಲ್ಲ, ಅದು ಬೇರೆ ಇದು ಬೇರೆ. ಡೀಸೆಲ್ ಉರಿಯೋ ಒತ್ತಡಕ್ಕೆ ಸ್ವಲ್ಪ ಗ್ಯಾಸ್ ಪಿಸ್ಟನ್ ರಿಂಗ್ ಸಂದೀಲಿ ನುಸುಳಿ ಕೆಳಗೆ ಆಯಿಲ್ ಇರೋ ಕಡೆ ಇಳಿಯುತ್ತೆ, ಇದಕ್ಕೆ ಬ್ಲೋ-ಬೈ ಅಂತಾರೆ, ಹೊಸ ಇಂಜಿನ್ನಲ್ಲೂ ಇದ್ದಿದ್ದೇ. ಆ ಗ್ಯಾಸ್ ಎಲ್ಲಾದ್ರೂ ಹೊರಗೆ ಹೋಗ್ಲೇಬೇಕಲ್ಲ. ಹಳೇ ಜೀಪ್, ಟ್ರ್ಯಾಕ್ಟರಲ್ಲಿ ಒಂದು ಪೈಪ್ ಹಾಕಿ ಕೆಳಗೆ ನೆಲದ ಕಡೆ ಬಿಟ್ಟಿರ್ತಿದ್ರು. ಈಗಿನ ಕಾರಲ್ಲಿ ಆ ಗ್ಯಾಸ್ ಹೆಡ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಕಡೆಯಿಂದ ಬಂದು ಟರ್ಬೋಗೆ ಗಾಳಿ ಹೋಗೋ ಪೈಪಿಗೆ ಸೇರಿ ಮತ್ತೆ ಇಂಜಿನ್ನಲ್ಲೇ ಸುಟ್ಟು ಹೋಗುತ್ತೆ. ಆ ಗ್ಯಾಸ್ ಜೊತೆ ಆಯಿಲ್ ಹನಿ ಹೋಗದಂಗೆ ಹಿಡಿಯೋ ಕೆಲ್ಸ ಬ್ರೀದರ್ ಫಿಲ್ಟರಿಂದು, ಕೆಲವು ಗಾಡೀಲಿ ಅದರ ಬದ್ಲು ಆಯಿಲ್ ಸೆಪರೇಟರ್ ಇರುತ್ತೆ.

ಇದು ಕಟ್ಕೊಂಡ್ರೆ ಟರ್ಬೋಗೆ ಯಾಕೆ ತೊಂದ್ರೆ ಅನ್ನೋದೇ ಮುಖ್ಯ. ಟರ್ಬೋ ಶಾಫ್ಟಿಗೆ ಆಯಿಲ್ ಪ್ರೆಶರಲ್ಲಿ ಬರುತ್ತೆ, ಆದ್ರೆ ವಾಪಸ್ ಹೋಗೋವಾಗ ಯಾವ ಪಂಪೂ ಎಳೆಯಲ್ಲ, ತನ್ನ ಭಾರಕ್ಕೆ ತಾನೇ ಇಳಿದು ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಸೇರ್ಬೇಕು. ಕೆಳಗೆ ಗ್ಯಾಸ್ ತುಂಬಿ ಒತ್ತಡ ಜಾಸ್ತಿ ಆಗಿದ್ರೆ ಆಯಿಲ್ ಇಳಿಯಲ್ಲ, ಅಲ್ಲೇ ನಿಂತು ಟರ್ಬೋ ಸೀಲ್ ದಾಟಿ ಗಾಳಿ ಪೈಪಿಗೋ ಸೈಲೆನ್ಸರ್ ಕಡೆಗೋ ನುಗ್ಗುತ್ತೆ. ನೋಡೋರಿಗೆ ಟರ್ಬೋ ಹೋದಂಗೇ ಕಾಣುತ್ತೆ, ಹೊಸ ಟರ್ಬೋ ಹಾಕಿದ್ರೂ ಬ್ರೀದರ್ ಹಂಗೇ ಬಿಟ್ರೆ ಅದರಿಂದ್ಲೂ ಆಯಿಲ್ ಬರುತ್ತೆ, ದುಡ್ಡು ಹೋಯ್ತು ಅಷ್ಟೇ. ಜೊತೆಗೆ ಹೆಡ್ ಕವರ್ ಪ್ಯಾಕಿಂಗ್, ಕ್ರ್ಯಾಂಕ್ ಆಯಿಲ್ ಸೀಲ್, ಎಲ್ಲಿ ವೀಕೋ ಅಲ್ಲಿಂದ ಸೋರಕ್ಕೆ ಶುರು.

ನಮ್ ಚಿಕ್ಕಮಗಳೂರು ಕಡೆ ಇನ್ನೊಂದು ವಿಷ್ಯ ಇದೆ. ತೋಟದ ಗಾಡಿಗಳು ಬೆಳಿಗ್ಗೆ ಚಳೀಲಿ ಸ್ಟಾರ್ಟ್ ಆಗಿ ಲೈನ್ ಮನೆ (ತೋಟದ ಕೆಲಸಗಾರರ ಮನೆ) ತನಕ, ಅಲ್ಲಿಂದ ಕಣದ ತನಕ, ಅಷ್ಟೇ ಓಡೋದು, ಇಂಜಿನ್ ಪೂರ್ತಿ ಬಿಸಿ ಆಗೋದ್ರೊಳಗೆ ಆಫ್. ಒಳಗಿನ ನೀರಿನ ಪಸೆ ಆರಲ್ಲ, ಆಯಿಲ್ ಜೊತೆ ಸೇರಿ ಬೆಣ್ಣೆ ಥರ ಬಿಳಿ ಹಳದಿ ಕೆಸರಾಗಿ ಬ್ರೀದರ್ ಪೈಪಲ್ಲಿ ಕೂರುತ್ತೆ. ಆಯಿಲ್ ಕ್ಯಾಪ್ ಒಳಗಡೆ ಅಂಥದ್ದು ಕಂಡ್ರೆ ಮೊದ್ಲು ಕೂಲೆಂಟ್ ಮಟ್ಟ ನೋಡಿ, ಅದೂ ಇಳೀತಾ ಇದ್ರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ಮಧ್ಯದ ಪ್ಯಾಕಿಂಗ್) ಅನುಮಾನ, ಅದು ಬೇರೆ ಕಥೆ. ವಾರಕ್ಕೊಂದ್ಸಲ ಆದ್ರೂ ಕಡೂರು ಕಡೆಗೋ ಬೇಲೂರು ಕಡೆಗೋ ಒಂದು ಉದ್ದದ ಓಟ ಓಡ್ಸಿ.

ಚೆಕ್ ಮಾಡೋದು ಮನೇಲೇ ಆಗುತ್ತೆ. ಇಂಜಿನ್ ಬಿಸಿ ಇರ್ಲಿ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ ಐಡಲಲ್ಲಿ ಬಿಟ್ಟು ಆಯಿಲ್ ಕ್ಯಾಪ್ ನಿಧಾನಕ್ಕೆ ಸಡಿಲ ಮಾಡಿ, ಪೂರ್ತಿ ತೆಗೀಬೇಡಿ, ಕೆಲವು ಇಂಜಿನ್ನಲ್ಲಿ ಬಿಸಿ ಆಯಿಲ್ ಎರಚುತ್ತೆ. ಡೀಸೆಲ್ಲಲ್ಲಿ ಸ್ವಲ್ಪ ಹಬೆ ಬರೋದು ಮಾಮೂಲಿ. ಕ್ಯಾಪ್ ಕುಣಿಯೋದು, ಬುಸುಬುಸು ಅಂತ ಜೋರಾಗಿ ಹೊಗೆ ನುಗ್ಗೋದು, ಡಿಪ್‌ಸ್ಟಿಕ್ ತಾನೇ ಮೇಲೆ ಎದ್ದಿರೋದು ಕಂಡ್ರೆ ಒಳಗೆ ಒತ್ತಡ ಇದೆ ಅಂತ. ಹಾಗೇ ಆಯಿಲ್ ಮಟ್ಟನೂ ನೋಡಿ, ಮ್ಯಾಕ್ಸ್ ಗೆರೆಗಿಂತ ಮೇಲೆ ತುಂಬ್ಸಿದ್ರೂ ಬ್ರೀದರಿಗೆ ಆಯಿಲ್ ಹೋಗುತ್ತೆ.

ಎಲ್ಲಾ ಕಾರಲ್ಲೂ ಬಿಚ್ಚಿ ಬದ್ಲಾಯಿಸೋ ಫಿಲ್ಟರ್ ಇರಲ್ಲ. ಬಿಎಂಡಬ್ಲ್ಯೂದ ಹಳೇ ಎಂ47, ಎಂ57 ಡೀಸೆಲ್ ಇಂಜಿನ್ನಲ್ಲಿ ಸುರುಳಿ ಸುತ್ತಿದ ಬಟ್ಟೆ ಥರದ್ದು ಬರ್ತಿತ್ತು, ಕಟ್ಕೊಳ್ಳೋದು ಅದೇ ಜಾಸ್ತಿ, ಆಮೇಲೆ ಗ್ಯಾಸನ್ನ ಗಿರಗಿರ ತಿರುಗ್ಸಿ ಆಯಿಲ್ ಬೇರೆ ಮಾಡೋ ಸೈಕ್ಲೋನ್ ಥರದ್ದು ಬಂತು. ನಮ್ಮಲ್ಲಿ ಓಡೋ ಸುಮಾರು ಕಾರುಗಳಲ್ಲಿ ಸೆಪರೇಟರ್ ಹೆಡ್ ಕವರ್ ಒಳಗೇ ಇರುತ್ತೆ, ಅಲ್ಲಿ ಪೈಪ್ ಕ್ಲೀನ್ ಮಾಡ್ಬೇಕು, ಡಯಾಫ್ರಾಮ್ (ತೆಳು ರಬ್ಬರ್ ಪರದೆ) ಇದ್ರೆ ಹರಿದಿದೆಯಾ ನೋಡ್ಬೇಕು. ಸ್ಪೇರ್ ಅಂಗಡೀಲಿ ಚಾಸಿಸ್ ನಂಬರ್ ಕೊಟ್ಟೇ ಕೇಳಿ, ಬರೀ ಮಾಡೆಲ್ ಹೆಸರು ಹೇಳಿದ್ರೆ ಬೇರೆ ವರ್ಷದ್ದು ಕೊಡ್ತಾರೆ.

ಬದ್ಲಾಯಿಸೋ ಕೆಲ್ಸ ಕಷ್ಟ ಏನಲ್ಲ. ಇಂಜಿನ್ ತಣ್ಣಗಾಗಿರ್ಲಿ, ಬಿಚ್ಚೋ ಮುಂಚೆ ಸುತ್ತ ಚೆನ್ನಾಗಿ ಒರೆಸಿ, ತೋಟದ ಧೂಳು ಒಳಗೆ ಬೀಳ್ಬಾರ್ದು, ಓ-ರಿಂಗ್ ಹೊಸದೇ ಹಾಕಿ, ಪೈಪ್ ಬಗ್ಗಿಸಿ ಬಿರುಕು ನೋಡಿ. ಬಟ್ಟೆ ಫಿಲ್ಟರನ್ನ ಡೀಸೆಲಲ್ಲಿ ತೊಳೆದು ಮತ್ತೆ ಹಾಕ್ತೀನಿ ಅಂದ್ರೆ ದಯವಿಟ್ಟು ಬೇಡ. ಎರಡು ಆಯಿಲ್ ಚೇಂಜಿಗೆ ಒಂದ್ಸಲ ಬಿಚ್ಚಿ ನೋಡೋದು ಅನ್ನೋದು ನನ್ನ ಲೆಕ್ಕ, ಬರೀ ತೋಟದೊಳಗೇ ಓಡೋ ಗಾಡಿಗೆ ಇನ್ನೂ ಬೇಗ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಖರ್ಚು ಒಂದೇ ಅಲ್ಲ. ಗಾಳಿ ಪೈಪಲ್ಲಿ ಆಯಿಲ್ ತುಂಬಾ ಸೇರಿದ್ರೆ ಡೀಸೆಲ್ ಇಂಜಿನ್ ಆ ಆಯಿಲನ್ನೇ ಸುಟ್ಕೊಂಡು ತನ್ನಷ್ಟಕ್ಕೆ ರೇಸ್ ಆಗ್ಬಹುದು, ಕೀ ಆಫ್ ಮಾಡಿದ್ರೂ ನಿಲ್ಲಲ್ಲ. ಚಾರ್ಮಾಡಿ ಘಾಟೀಲೋ ಗಿರಿ ರೋಡಲ್ಲೋ ಹಂಗಾದ್ರೆ ಗತಿ ಏನು? ಮ್ಯಾನ್ಯುಯಲ್ ಗಾಡಿ ಆದ್ರೆ ಕ್ಲಚ್ ಒತ್ತಿ ಬ್ರೇಕಲ್ಲಿ ಗಾಡಿ ಪೂರ್ತಿ ನಿಲ್ಸಿ, ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರ್ ಹಾಕಿ ಬ್ರೇಕ್ ಗಟ್ಟಿ ಒತ್ತಿಟ್ಟೇ ಕ್ಲಚ್ ಬಿಡಿ, ಇಂಜಿನ್ ಉಸಿರು ಕಟ್ಟಿ ಆಫ್ ಆಗುತ್ತೆ. ಬಾನೆಟ್ ತೆಗೆದು ಕೈ ಹಾಕಕ್ಕೆ ಹೋಗ್ಬೇಡಿ.

ಬ್ರೀದರ್ ಹೊಸದಾಗಿ, ಪೈಪೆಲ್ಲ ಕ್ಲೀನಾದ ಮೇಲೂ ಕ್ಯಾಪ್ ಕುಣೀತಾನೇ ಇದ್ರೆ ರಿಂಗ್ ಸವೆದಿರೋ ಸಾಧ್ಯತೆ ಜಾಸ್ತಿ, ಆಗ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಮಾಡ್ಸಿ. ಟರ್ಬೋ ಶಾಫ್ಟ್ ಕೈಯಲ್ಲಿ ಅಲ್ಲಾಡ್ಸಿ ಫ್ಯಾನ್ ಹೌಸಿಂಗಿಗೆ ತಾಗೋ ಅಷ್ಟು ಆಟ ಇದ್ರೆ ಮಾತ್ರ ಟರ್ಬೋ ಮಾತು.