ಮಲ್ಮಲ್ ಉಟ್ಟ ರಾಣಿ

ಭಾನುವಾರ ಮಧ್ಯಾಹ್ನ, ಮುಂಬೈನ ಮಾಟುಂಗಾದ ನಮ್ಮ ಮನೆ. ಅಮ್ಮ ಹೊಲಿಗೆ ಮಷಿನ್ ಮುಂದೆ ಕೂತು ಪಕ್ಕದ ಮನೆಯವರ ಬ್ಲೌಸಿಗೆ ತೋಳು ಕೂಡಿಸುತ್ತಿದ್ದರು. ನಾನು ಫೋನಿನಲ್ಲಿ ಎರಡು ಚಿತ್ರ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಅದೇ ಹೆಂಗಸು ಅಲ್ವಾ? ಬಟ್ಟೆ ಮಾತ್ರ ಬೇರೆ. ಕೈಯಲ್ಲಿ ಗುಲಾಬಿ ಕೂಡ ಹಾಗೇ ಇದೆ ನೋಡು."

ಹೌದು, ಹೆಂಗಸು ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್. ಬರೆದವಳು ಎಲಿಜಬೆತ್ ವಿಜೆ ಲ ಬ್ರನ್.

ಆಗ ಪ್ಯಾರಿಸ್‌ನಲ್ಲಿ ಚಿತ್ರಕಾರರು ಮೇಲೆ ಬರಬೇಕಾದರೆ 1648ರಲ್ಲಿ ಶುರುವಾದ ರಾಜರ ಅಕಾಡೆಮಿಗೆ ಸೇರಬೇಕಿತ್ತು. ಲೂವ್ರ್ ಅರಮನೆಯ ಸಲೋನ್ ಪ್ರದರ್ಶನದಲ್ಲಿ ಅದರ ಸದಸ್ಯರ ಚಿತ್ರಕ್ಕಷ್ಟೇ ಜಾಗ. ಹೆಂಗಸರಿಗೆ ಅಲ್ಲಿ ನಾಲ್ಕೇ ಸ್ಥಾನ. ವಿಜೆಯ ಗಂಡ ಚಿತ್ರ ವ್ಯಾಪಾರಿ, ವ್ಯಾಪಾರದ ನಂಟಿನವರು ಬೇಡ ಅಂತ ತಕರಾರು ಬಂತು. ರಾಣಿ ರಾಜನಿಗೆ ಹೇಳಿದಳು, ರಾಜ ಅಕಾಡೆಮಿಗೆ ಹೇಳಿದ, 1783ರ ಮೇ ತಿಂಗಳಲ್ಲಿ ಅವಳು ಒಳಗೆ ಬಂದಳು. ಅದೇ ದಿನ ಅಡಿಲೈಡ್ ಲಬೀಲ್-ಗಿಯಾರ್ ಎಂಬ ಇನ್ನೊಬ್ಬ ಚಿತ್ರಕಾರ್ತಿ ಸದಸ್ಯರ ಓಟು ಪಡೆದು ಸೇರಿದಳು. ನನಗೆ ಇದು ತುಂಬಾ ಚುಚ್ಚುತ್ತದೆ. ವಿಜೆಯ ಕೈಗೆ ಶಿಫಾರಸು ಬೇಕೇ ಇರಲಿಲ್ಲ, ಆದರೂ ಅರಮನೆಯ ಹಂಗು ಅವಳ ಹೆಸರಿಗೆ ಅಂಟಿಕೊಂಡಿತು.

ಅದೇ ವರ್ಷದ ಸಲೋನ್‌ನಲ್ಲಿ ಅವಳು ರಾಣಿಯ ಚಿತ್ರ ಇಟ್ಟಳು. ಹುಲ್ಲಿನ ಟೋಪಿ, ತೆಳುವಾದ ಬಿಳಿ ಮಸ್ಲಿನ್ ಗೌನು, ಒಡವೆ ಇಲ್ಲ. ಜನ ರೇಗಿದರು. ರಾಣಿ ಒಳಬಟ್ಟೆಯಲ್ಲಿ ಕೂತ ಹಾಗಿದೆ, ಫ್ರಾನ್ಸಿನ ಲಿಯೋನ್ ಊರಿನ ರೇಷ್ಮೆ ನೇಕಾರರ ಹೊಟ್ಟೆಗೆ ಹೊಡೆಯುತ್ತಿದ್ದಾಳೆ ಅಂತೆಲ್ಲ ಗುಲ್ಲೆದ್ದಿತು. ಚಿತ್ರವನ್ನು ಗೋಡೆಯಿಂದ ಇಳಿಸಬೇಕಾಯಿತು. ವಿಜೆ ಇನ್ನೊಂದು ಬರೆದಳು: ಅದೇ ಮುಖ, ಅದೇ ಗುಲಾಬಿ, ಮೈಮೇಲೆ ಮಾತ್ರ ನೀಲಿ ಛಾಯೆಯ ರೇಷ್ಮೆ, ಲೇಸು, ಕೊರಳಲ್ಲಿ ಮುತ್ತು. ಅದಕ್ಕೆ ಯಾರ ತಕರಾರೂ ಬರಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಅಮ್ಮ ಮೊದಲ ಚಿತ್ರದ ಕುತ್ತಿಗೆಯ ಹತ್ತಿರ ಬೆರಳಿಟ್ಟು ದೊಡ್ಡದು ಮಾಡಿಕೊಂಡಿದ್ದರು. ಅಲ್ಲಿ ಫ್ರಿಲ್ ಒಂದರ ಮೇಲೊಂದು ಬಿದ್ದಿದೆ, ತೆಳು ಇರುವ ಕಡೆ ಚರ್ಮದ ಬಣ್ಣ ಸ್ವಲ್ಪವೇ ಕಾಣುತ್ತದೆ, ಎರಡು ಪದರ ಸೇರಿದ ಕಡೆ ಬಿಳಿ ಗಟ್ಟಿಯಾಗುತ್ತದೆ. "ಮಂಗಲದಾಸ್ ಮಾರ್ಕೆಟ್‌ನಲ್ಲಿ ತರ್ತೀವಲ್ಲ, ಆ ಮಲ್ಮಲ್ ಥರ ಇದೆ. ಇದನ್ನ ಹೊಲಿಯೋದೇ ಕಷ್ಟ, ಸೂಜಿ ಎಳೆದುಬಿಡುತ್ತೆ. ಬಣ್ಣದಲ್ಲಿ ಹೇಗೆ ತಂದಳೋ!"

ರೇಷ್ಮೆಯದು ವರ್ಸೈ ಅರಮನೆಯಲ್ಲಿದೆ, ಬಿಳಿಯದು ಜರ್ಮನಿಯಲ್ಲಿದೆ ಅಂದೆ.

"ಹಾಗಾದ್ರೆ ಹೋದಾಗ ಮೊದಲು ಜರ್ಮನಿಗೆ ಹೋಗು" ಅಂತ ಹೇಳಿ ಅಮ್ಮ ಮತ್ತೆ ಮಷಿನ್ ತುಳಿಯತೊಡಗಿದರು.