ಮೊಂತಿ ಹಬ್ಬದ ಹೊಸ ತೆನೆ

ಆಗಸ್ಟ್ 30ಕ್ಕೆ ಕರಾವಳಿಯ ಕಥೊಲಿಕ ಚರ್ಚುಗಳಲ್ಲಿ ಮಾತೆ ಮರಿಯಮ್ಮನ ನೊವೇನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ಶುರು. ಒಂಬತ್ತು ದಿನವೂ ಮಕ್ಕಳು ಬುಟ್ಟಿಯಲ್ಲಿ ಹೂ ತಂದು, ಹಾಡುತ್ತಾ ಬಾಲೆ ಮರಿಯಳ ಪ್ರತಿಮೆಗೆ ಎರಚುತ್ತಾರೆ. ಸೆಪ್ಟೆಂಬರ್ 8 ಆಕೆಯ ಜನ್ಮದಿನ, ನಮಗೆ ಹೊಸ ಭತ್ತದ ತೆನೆಹಬ್ಬ, ಅದೇ ಮೊಂತಿ ಹಬ್ಬ. ನೇತ್ರಾವತಿಯ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂಡ ಈ ಆಚರಣೆಗೆ ನಾಂದಿ ಹಾಡಿದರು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ.

ಹೂವನ್ನು ಅದೇ ದಿನ ಕೊಯ್ಯಬೇಕು. ಮಳೆನೀರು ಕೊಡವಿ ಬಾಳೆಎಲೆ ಹಾಸಿದ ಬುಟ್ಟಿಯಲ್ಲಿ ಸಡಿಲವಾಗಿ ಇಟ್ಟರೆ ಗೌರಿಹೂವಿನ ಎಸಳು ಕೂಡ ನಲುಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವರಿ ಕಪ್ಪಾಗುತ್ತದೆ. ದಾಸವಾಳ ಸಂಜೆಗೆ ಮುದುಡುವುದರಿಂದ ಬೆಳಗಿನ ಪೂಜೆಗಷ್ಟೇ ಸರಿ. ಈಚೆಗೆ ಪೇಟೆಯಿಂದ ಮೊಳ ಲೆಕ್ಕದಲ್ಲಿ ಹೂ ತಂದು ಮಗುವಿನ ಕೈಗೆ ಕೊಟ್ಟುಬಿಡುವವರು ಹೆಚ್ಚುತ್ತಿದ್ದಾರೆ. ಬೇಲಿಯ ಮೇಲಿನ ಶಂಖಪುಷ್ಪವನ್ನು ತಾನೇ ಹುಡುಕಿ ಕಿತ್ತ ಮಗು ಅದನ್ನು ಎರಚುವಾಗ ಮುಖ ಅರಳುವುದನ್ನು ಒಮ್ಮೆ ನೋಡಿ. ಆ ಹಿಗ್ಗು ಪೂಜೆಯ ಅಲಂಕಾರವಲ್ಲ, ಪೂಜೆಯೇ ಅದು.

ಹಬ್ಬದ ದಿನ ಓದುವ ಶುಭಸಂದೇಶ ಬೈಬಲಿನಲ್ಲಿ ಮತ್ತಾಯನು ಬರೆದ ಯೇಸುವಿನ ವಂಶಾವಳಿ. ಅಬ್ರಹಾಮನಿಂದ ಯೇಸುವಿನವರೆಗೆ ಹೆಸರಿನ ಮೇಲೆ ಹೆಸರು. ಅನೇಕರಿಗೆ ಅಲ್ಲಿ ಕಣ್ಣು ಎಳೆಯುತ್ತದೆ. ಆದರೆ ಆ ಪಟ್ಟಿಯಲ್ಲಿ ರೂತಳಿದ್ದಾಳೆ: ಪರದೇಶದ ವಿಧವೆ, ಬೆತ್ಲೆಹೇಮಿನ ಹೊಲದಲ್ಲಿ ಕೊಯ್ಲಿನವರ ಹಿಂದೆ ನಡೆದು ಜವೆಗೋಧಿಯ ತೆನೆ ಹಕ್ಕಲಾಯ್ದವಳು. ಕೈಯಲ್ಲಿ ತೆನೆ ಹಿಡಿದು ನಿಂತವರು ಅವಳ ಹೆಸರು ಬರುವಾಗಲಾದರೂ ಕಿವಿ ನೆಟ್ಟಗೆ ಮಾಡಬೇಕು.

ಆಶೀರ್ವದಿಸಿದ ತೆನೆಯನ್ನು ಮೆರವಣಿಗೆಯಲ್ಲಿ ಪೀಠಕ್ಕೆ ತಂದು, ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಯ ಬಳಿಕ ಮನೆಮನೆಗೆ ಹಂಚುತ್ತಾರೆ. ತೊಡಕು ಬರುವುದು ಇಲ್ಲೇ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ನಾಟಿ ತಡವಾದರೆ 8ನೇ ತಾರೀಕಿಗೆ ಕಾಳು ಇನ್ನೂ ಹಾಲುಗಟ್ಟುತ್ತಿರುತ್ತದೆ, ಹಿಚುಕಿದರೆ ಬಿಳಿ ನೀರು. ಹಾಗಾಗಿ ಹಬ್ಬದ ತೆನೆಗೆಂದು ಒಂದು ತುಂಡು ಗದ್ದೆಗೆ ಬೇಗ ಬಲಿಯುವ ತಳಿಯನ್ನು ಮೊದಲೇ ಬಿತ್ತಿಕೊಳ್ಳುವುದು ಒಳ್ಳೆಯದು. ಗದ್ದೆಯೇ ಇಲ್ಲದ ಊರುಗಳಿಗೆ ಈಗ ಹೊರಗಿನ ತೆನೆ ಬರುತ್ತದೆ. ಅದಕ್ಕೂ ಆಶೀರ್ವಾದ ಒಂದೇ, ನಿಜ. ಆದರೂ ಬೆಳೆದವರ ಮುಖ ಕಾಣದ ತೆನೆಗೆ ಕೃತಜ್ಞತೆ ಹೇಳುವುದನ್ನು ನಮ್ಮ ಮಕ್ಕಳಿಗೆ ಇನ್ನಷ್ಟು ಬಿಡಿಸಿ ಕಲಿಸಬೇಕಾಗಿದೆ.

ಮನೆಗೆ ತಂದ ತೆನೆಯನ್ನು ಮೊದಲು ದೇವರ ಪೀಠದಲ್ಲಿಡಿ. ಬಲಿತ ಕಾಳುಗಳನ್ನಷ್ಟೇ ಆರಿಸಿ ಉಗುರಿನಿಂದ ಸುಲಿಯಿರಿ. ಉಮಿಯ ಒಂದು ಚೂರು ಉಳಿದರೂ ಗಂಟಲಿಗೆ ಚುಚ್ಚುತ್ತದೆ, ಮುದುಕರಿಗೂ ಮಕ್ಕಳಿಗೂ ಕೊಡುವುದಾದ್ದರಿಂದ ಬೆಳಕಿನಲ್ಲಿ ಕುಳಿತು ನೋಡಿ. ಅಕ್ಕಿಯನ್ನು ಕುಟ್ಟಿ ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಬೇಕು. ಹಿರಿಯರು ಪ್ರಾರ್ಥನೆ ಹೇಳಿದ ಮೇಲೆ ಎಲ್ಲರಿಗೂ ಒಂದೊಂದು ಗುಟುಕು, ಆಮೇಲೆ ಊಟ. ಆ ದಿನ ಮೀನಿಲ್ಲ, ಮಾಂಸವಿಲ್ಲ. ಬಾಳೆಎಲೆಯ ಮೇಲೆ ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲಿ ತರಕಾರಿ ಪದಾರ್ಥ: ಹರಿವೆ ದಂಟು, ಕೆಸು, ಅಲಸಂಡೆ, ಬೆಂಡೆ, ಹೀರೆ, ಹಾಗಲ. ಕೆಸುವಿನ ತುರಿಕೆ ಅಡಗಲು ಹುಳಿ ಬೇಕೇ ಬೇಕು, ಅಮಟೆಕಾಯಿ ಜಜ್ಜಿ ಹಾಕಿದರೆ ರುಚಿಯೂ ಹೌದು.

ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಪ್ರಥಮಫಲದ ಬುಟ್ಟಿಯನ್ನು ಯಾಜಕನು ಪೀಠದ ಮುಂದಿಡುತ್ತಾನೆ. ತಂದವನು ತನ್ನ ಜನರ ದಾಸ್ಯವನ್ನೂ ಬಿಡುಗಡೆಯನ್ನೂ ಬಾಯಿಬಿಟ್ಟು ಹೇಳುತ್ತಾನೆ. ಹನ್ನೊಂದನೇ ವಚನದಲ್ಲಿ ದೇವರು ಇನ್ನೊಂದನ್ನೂ ಕೇಳುತ್ತಾನೆ: ದೇವಾಲಯದ ಸೇವೆಯ ಕುಲದವರಾದ ಲೇವಿಯರೊಡನೆ, ನಿಮ್ಮ ನಡುವಿನ ಪರದೇಶಿಯೊಡನೆ ಸಂತೋಷಪಡಿರಿ. ಕಾಳಿನ ಜೊತೆಗೆ ಸಂತೋಷವೂ ಕಾಣಿಕೆಯೇ, ಅದೂ ಒಬ್ಬರೇ ಕೊಡಲಾಗದ ಕಾಣಿಕೆ. 1784ರಲ್ಲಿ ಟಿಪ್ಪು ಸುಲ್ತಾನನ ಬಂದಿಗಳಾಗಿ ಶ್ರೀರಂಗಪಟ್ಟಣದ ಸೆರೆಗೆ ನಡೆದ ಕರಾವಳಿಯ ಕಥೊಲಿಕರ ಮೊಮ್ಮಕ್ಕಳು ನಾವು, ನಮಗೂ ಹೇಳಿಕೊಳ್ಳಲು ಬಿಡುಗಡೆಯ ಕಥೆಯಿದೆ. ಆದ್ದರಿಂದ ಪಕ್ಕದ ಮನೆಯವರು ಯಾವ ಧರ್ಮದವರಾದರೂ ಕರೆಯಿರಿ, ಒಂಟಿಯಾಗಿರುವ ಹಿರಿಯರಿಗೆ ಎಲೆ ಹಾಕಿರಿ. ಮುಂಬಯಿ, ಗಲ್ಫ್‌ಗಳಲ್ಲಿ ದುಡಿಯುವ ಮಕ್ಕಳಿಗೂ ಪಾಲು ಕಳುಹಿಸಿ. ಸುಲಿದ ಕಾಳನ್ನು ಎರಡು ಮೂರು ದಿನ ಒಲೆಯ ಹತ್ತಿರ ಒಣಗಿಸಿ, ಕಾಗದದಲ್ಲಿ ಮಡಚಿ ಲಕೋಟೆಗೆ ಹಾಕಿದರೆ ಸಾಕು. ಹಸಿಯಾಗಿ ಕಳುಹಿಸಿದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ.