ಒತ್ತಾಗಿ ಬಿದ್ದ ಹೊಲಿಗೆ

ಹೋದ ವರ್ಷ ಜುಲೈನಲ್ಲಿ ಒಂದು ಜೀಪಿನ ರೆಕ್ಸಿನ್ ಟಾಪ್ ಹರಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ಹೊಲಿಗೆ ಹಾಕಿದ್ದು ನಾನೇ.

ಚಿಕ್ಕಮಗಳೂರಿನ ಒಂದು ಕುಶನ್ ಅಂಗಡಿಯಲ್ಲಿ ನನ್ನ ಕೆಲಸ. ಮಳೆ ಹಿಡಿಯುವ ಮುಂಚೆ ಎಸ್ಟೇಟ್ ಜೀಪು, ಝರಿ ಫಾಲ್ಸ್‌ಗೆ ಟೂರಿಸ್ಟ್ ಕರ್ಕೊಂಡು ಹೋಗೋ ಜೀಪು ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ಆ ಸಲ ಮಳೆ ಜೋರಾದ ಮೇಲೂ ಕ್ಯೂ ಕರಗಿರಲಿಲ್ಲ. ಅಂಥ ಹೊತ್ತಿನಲ್ಲಿ ಅತ್ತಿಗುಂಡಿ ಕಡೆಯ ಡ್ರೈವರ್ ಅಣ್ಣ ಒಬ್ಬರು ಹಳೇ ಮಹೀಂದ್ರ ಎಂಎಂ 540 ಜೀಪು ತಂದರು. "ಹೊಸ ಟಾಪಿಗೆ ಈಗ ದುಡ್ಡಿಲ್ಲ ಮಾರಾಯ, ಈ ಮಳೆಗಾಲ ಒಂದು ದಾಟಿಸಿಕೊಡು" ಅಂದರು.

ಮೊದಲು ಟಾಪ್ ತೊಳೆದೆ. ಸೋಪಿನ ನೀರು, ಮೆತ್ತನೆಯ ಬ್ರಷ್, ಅಷ್ಟೇ. ಮಡಿಕೆಗಳಲ್ಲಿ ಕಪ್ಪು ಬೂಸ್ಟು ಕೂತಿತ್ತು. ಹೊಳಪು ಬರಲಿ ಅಂತ ಹಿಂದೆ ಯಾರೋ ಸೀಮೆಎಣ್ಣೆ ಉಜ್ಜಿದ್ದರಂತೆ. ಅದರಿಂದ ರೆಕ್ಸಿನ್‌ಗೆ ಒಳ್ಳೆಯದಾಗಲ್ಲ. ಅದನ್ನು ಮೆತ್ತಗೆ ಇಟ್ಟಿರುವ ಎಣ್ಣೆಯಂಥ ಅಂಶವನ್ನೇ ಸೀಮೆಎಣ್ಣೆ ಹೊರಗೆ ಎಳೆಯುತ್ತೆ. ಮೇಲೆ ಬಿಸಿಲು ಬೇರೆ. ಕೊನೆಗೆ ರೆಕ್ಸಿನ್ ಸೆಟೆದುಕೊಳ್ಳುತ್ತೆ.

ಟಾಪನ್ನು ಹೊತ್ತಿರುವ ಹಿಂದಿನ ಕಮಾನಿನ ಮೇಲೆ ಎರಡು ಅಡಿ ಉದ್ದ ಜಾಯಿಂಟ್‌ನ ಹೊಲಿಗೆ ಬಿಟ್ಟಿತ್ತು. ಹಳೇ ಕಾಟನ್ ನೂಲು ಉಗುರಲ್ಲಿ ಎಳೆದರೆ ಪುಡಿಯಾಗಿ ಬಂತು. ರೆಕ್ಸಿನ್‌ಗೆ ಜೀವ ಇದೆಯಾ ಅಂತ ನೋಡೋಕೆ ಮಡಚಿ ಹೆಬ್ಬೆರಳಲ್ಲಿ ಒತ್ತಿದೆ. ಬಿರುಕು ಬಿಟ್ಟು ಒಳಗಿನ ಬಟ್ಟೆ ಕಂಡರೆ ಅದರ ಕತೆ ಮುಗಿಯಿತು ಅಂತ ಅರ್ಥ. ಕಾಣಲಿಲ್ಲ. ಆದರೆ ನಾನು ಒತ್ತಿ ನೋಡಿದ್ದು ಬಾಗಿಲ ಪಕ್ಕದ ಪರದೆಯನ್ನು. ಹೊಲಿಯಬೇಕಾಗಿದ್ದು ದಿನವಿಡೀ ಬಿಸಿಲು ತಿನ್ನುವ ಮೇಲಿನ ಭಾಗವನ್ನು. ಅದನ್ನು ಒತ್ತಿ ನೋಡಲೇ ಇಲ್ಲ. ನನ್ನ ಮೊದಲ ತಪ್ಪು ಇದು.

ಎರಡನೆಯದು ಮಷಿನ್ ಮೇಲೆ ಆಯಿತು. ಜಾಯಿಂಟ್ ಹತ್ತಿರ ನಾಲ್ಕು ಪದರ ಸೇರುತ್ತೆ. ನಮ್ಮ ಮಷಿನ್‌ನಲ್ಲಿ ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಕಾಲು ಸ್ಟೀಲಿನದು. ರೆಕ್ಸಿನ್ ಅದಕ್ಕೆ ಅಂಟಿಕೊಳ್ಳುತ್ತೆ, ಬಟ್ಟೆಯನ್ನು ತಳ್ಳುವ ಕೆಳಗಿನ ಹಲ್ಲು ಸವೆದಿದೆ, ಬಟ್ಟೆ ಮುಂದಕ್ಕೆ ಸರಿಯಲ್ಲ. ಅಂಟದೆ ಜಾರುವ ಟೆಫ್ಲಾನ್ ಕಾಲು ತರಿಸಿ ಅಂತ ಎರಡು ವರ್ಷದಿಂದ ಓನರ್‌ಗೆ ಹೇಳುತ್ತಾ ಬಂದಿದ್ದೆ. ಅವತ್ತು ಅವರು ಹೇಳಿದ್ದು ಒಂದೇ: "ಇನ್ನೂ ಮೂರು ಗಾಡಿ ನಿಂತಿವೆ, ಬೇಗ ಮುಗಿಸು." ಐದು ಮಿಲಿಮೀಟರ್‌ಗೆ ಒಂದರಂತೆ ಬೀಳಬೇಕಾದ ಹೊಲಿಗೆ ಎರಡಕ್ಕೆ ಒಂದು ಬೀಳತೊಡಗಿತು. ಅದು ನನ್ನ ಕಣ್ಣಿಗೆ ಬಿತ್ತು. ಒತ್ತಾಗಿ ಬಿದ್ದಷ್ಟೂ ಗಟ್ಟಿ ಅಂದುಕೊಂಡು ಹಾಗೇ ಬಿಟ್ಟೆ. ಬಟ್ಟೆ ಹೊಲಿದು ಬಂದ ಕೈಗೆ ಹಾಗನ್ನಿಸುವುದು ಸಹಜ. ಬಟ್ಟೆಯಲ್ಲಿ ಸೂಜಿ ಎಳೆಗಳ ನಡುವೆ ನುಸುಳಿ ಹೋಗುತ್ತೆ. ರೆಕ್ಸಿನ್‌ನಲ್ಲಿ ತೂತು ತೂತಾಗಿಯೇ ಉಳಿಯುತ್ತೆ. ಹಳೇ ತೂತುಗಳ ಸಾಲು ಅಲ್ಲೇ ಇತ್ತು. ಅದರ ಮೇಲೆ ನಾನು ಇನ್ನೊಂದು ಸಾಲು ಒತ್ತೊತ್ತಾಗಿ ಕೊರೆದಿದ್ದೆ.

ಸಂಜೆ ಗಾಡಿ ಕೊಡುವಾಗ ಅಣ್ಣ, "ನೀನೂ ಬಾ, ಮಳೆಯಲ್ಲಿ ಒಂದ್ಸಲ ನೋಡ್ಕೋ" ಅಂದರು. ಹತ್ತಿದೆ. ದಾರಿಯಲ್ಲಿ ಸ್ಕೂಲಿಂದ ಅವರ ಮಗಳನ್ನೂ ಹತ್ತಿಸಿಕೊಂಡರು. ಏಳನೇ ಕ್ಲಾಸ್ ಹುಡುಗಿ, ಬ್ಯಾಗ್ ತಬ್ಬಿಕೊಂಡು ಹಿಂದೆ ನನ್ನ ಎದುರಿಗೆ ಕೂತಳು.

ಕೈಮರ ದಾಟಿ ಏರು ಶುರುವಾಗುವವರೆಗೆ ಒಂದು ಹನಿಯೂ ಒಳಗೆ ಬರಲಿಲ್ಲ. ಆಮೇಲೆ ಗಾಳಿ ಸಿಕ್ಕಿತು. ಜುಲೈ ತಿಂಗಳ ಗಿರಿಯ ಗಾಳಿ ಹೇಗಿರುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬಾಗಿಲ ಪರದೆಯ ಸಂದಿಯಲ್ಲಿ ನುಗ್ಗಿ ಟಾಪನ್ನು ಒಳಗಿನಿಂದ ಉಬ್ಬಿಸಿತು. ತಲೆಯ ಮೇಲೆ ಬೆರಳುದ್ದ ಬೆಳಕು ಕಂಡಿತು. ಅಂಗೈ ಒತ್ತಿ ಹಿಡಿದೆ. ಮುಂದಿನ ತಿರುವಿನಲ್ಲಿ ಪರ್ರ್ ಅಂತ ಎರಡು ಅಡಿಯೂ ಒಂದೇ ಗೆರೆಯಲ್ಲಿ ಹರಿಯಿತು. ತೂತಿನ ಸಾಲಿಗೆ ಸರಿಯಾಗಿ ಬಸ್ ಟಿಕೆಟ್ ಹರಿದ ಹಾಗೆ.

ನೂಲು ತುಂಡಾಗಿರಲಿಲ್ಲ. ಹೊಸ ಪಾಲಿಸ್ಟರ್ ನೂಲು, ಅದಕ್ಕೇನಾಗುತ್ತೆ? ರೆಕ್ಸಿನ್‌ನ ಸಣ್ಣ ಪಟ್ಟಿಯೊಂದನ್ನು ಕಚ್ಚಿಕೊಂಡು ಕಮಾನಿನಲ್ಲಿ ನೇತಾಡುತ್ತಿತ್ತು. ಉಳಿದ ಟಾಪ್ ಗಾಳಿಗೆ ಪಟಪಟ ಬಡಿಯುತ್ತಿತ್ತು.

ಆ ರಸ್ತೆಯಲ್ಲಿ, ಆ ಮಂಜಿನಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಇರಲಿಲ್ಲ. ಎರಡೂ ಕೈ ಮೇಲೆತ್ತಿ ಹರಿದ ಅಂಚನ್ನು ಎಳೆದು ಹಿಡಿದೆ. ನೀರು ಮೊಣಕೈಯಿಂದ ಅಂಗಿಯೊಳಗೆ ಇಳಿಯುತ್ತಿತ್ತು. ಹುಡುಗಿ ಬ್ಯಾಗನ್ನು ಸೀಟಿನ ಕೆಳಗೆ ತಳ್ಳಿ, ಎದ್ದು ನಿಂತು ಇನ್ನೊಂದು ಮೂಲೆ ಹಿಡಿದಳು. ಬೇಡ, ಕೂತ್ಕೋ ಅಂದರೂ ಕೇಳಲಿಲ್ಲ. ಅಣ್ಣ ಒಂದು ಮಾತೂ ಆಡದೆ ಗಾಡಿ ಓಡಿಸಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಊರು ಮುಟ್ಟಿದ ಮೇಲೆ ಟಾರ್ಪಾಲು ಬಿಗಿದು ಹಗ್ಗ ಕಟ್ಟಿದೆವು. ಅವರ ಮನೆಯಲ್ಲೇ ಕಾಫಿ ಕೊಟ್ಟರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಟಾಪ್ ವಾಪಸ್ ತಂದೆ. ಹರಿದ ಅಂಚನ್ನೂ ಹಳೇ ತೂತುಗಳನ್ನೂ ಪೂರ್ತಿ ಕತ್ತರಿಸಿ ತೆಗೆದೆ. ಆ ಜಾಗಕ್ಕೆ ಅಂಗೈ ಅಗಲದ ಹೊಸ ರೆಕ್ಸಿನ್ ಪಟ್ಟಿ ಕೂರಿಸಿದೆ. ಅಂಟಿಸುವ ಮುಂಚೆ ಸ್ಪಿರಿಟ್‌ನಲ್ಲಿ ಒರೆಸಿದೆ. ಎಣ್ಣೆ, ಸಿಲಿಕಾನ್ ಪಾಲಿಷ್ ಒಂಚೂರು ಉಳಿದರೂ ಅಂಟಿಸುವ ಸೊಲ್ಯೂಷನ್ ಹಿಡಿಯಲ್ಲ. ಡೆಲಿವರಿಗೆ ಮುಂಚೆ ಡ್ಯಾಶ್‌ಬೋರ್ಡ್ ಸ್ಪ್ರೇ ಹೊಡೆದು ಮಿಂಚಿಸುವ ಅಭ್ಯಾಸ ನಮ್ಮಲ್ಲೂ ಇದೆ. ದಯವಿಟ್ಟು ಬಿಡಿ, ಮುಂದೆ ಪ್ಯಾಚ್ ಹಾಕುವವನಿಗೆ ಅದೇ ಕಷ್ಟ. ಮಷಿನ್ ಕಾಲಿನ ಕೆಳಗೆ ತೆಳು ಕಾಗದ ಇಟ್ಟು ಹೊಲಿದೆ. ಐದು ಮಿಲಿಮೀಟರ್ ಸರಿಯಾಗಿ ಬಂತು. ಕಾಗದ ಆಮೇಲೆ ಹರಿದು ತೆಗೆದರಾಯಿತು. ಒಳಗಿನಿಂದ ಹೊಲಿಗೆಯ ತೂತು ಮುಚ್ಚುವ ಸೀಲರ್ ಬಳಿದು ಇಡೀ ರಾತ್ರಿ ಒಣಗಲು ಬಿಟ್ಟೆ. ಓನರ್ ಆ ದಿನದ ಕೂಲಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಆದರೆ ಟೆಫ್ಲಾನ್ ಕಾಲಿನ ಬಗ್ಗೆ ಮಾತ್ರ ಅವತ್ತು ಗಟ್ಟಿಯಾಗಿಯೇ ಮಾತಾಡಿದೆ. ಹತ್ತು ದಿನಕ್ಕೆ ಬಂತು. ಅದಕ್ಕೆ ಒಂದು ಟಾಪ್ ಹರಿಯಬೇಕಿತ್ತಾ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಅಣ್ಣನಿಗೆ ಹೇಳಿದ್ದು ಎರಡೇ. ಒದ್ದೆ ಇರುವಾಗ ಟಾಪ್ ಮಡಚಬೇಡಿ, ಬೂಸ್ಟು ಹಿಡಿಯೋದು ಅಲ್ಲಿಂದಲೇ. ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನು ಚಳಿಯಲ್ಲಿ ಬೆಳಗ್ಗೆ ಬೆಳಗ್ಗೆ ಸುತ್ತಬೇಡಿ, ಸುತ್ತಲೇಬೇಕಾದರೆ ನಡುವೆ ಮೆತ್ತನೆ ಬಟ್ಟೆ ಇಡಿ.

ಆ ಟಾಪ್ ಮಳೆಗಾಲ ದಾಟಿತು. ಈ ಮೇ ತಿಂಗಳಲ್ಲಿ ಅವರು ಹೊಸ ಟಾಪ್ ಹಾಕಿಸೋಕೆ ಬಂದರು, ನಮ್ಮ ಅಂಗಡಿಗೇ. ಮಗಳೂ ಜೊತೆಗಿದ್ದಳು. ನಾನು ಟೇಪ್ ಬಿಚ್ಚಿ ಅಳತೆ ಶುರುಮಾಡುವಷ್ಟರಲ್ಲಿ ಅವಳೇ ಕೇಳಿದಳು, "ಅಣ್ಣ, ಹೊಲಿಗೆ ಎಷ್ಟು ದೂರ ದೂರ ಹಾಕ್ತೀರಾ?" ಚೂರು ರೆಕ್ಸಿನ್ ಮೇಲೆ ಒಂದು ಸಾಲು ಹೊಲಿದು, ಸ್ಕೇಲ್ ಸಮೇತ ಅವಳ ಕೈಗೆ ಕೊಟ್ಟೆ.